ತಕ್ಕಡಿ ಸಾಹೇಬರ ಸ್ಟುಡಿಯೊ

ನಮ್ಮ ಮನೆಯವರನ್ನು ಕಂಡರೆ ಪೇಟೆಬೀದಿಯ ಅಂಗಡಿಯವರೆಲ್ಲ ಒಂದೇ ಥರದ ಮುಖ ಮಾಡುತ್ತಿದ್ದರು. ಹುಬ್ಬು ಒಂದಿಷ್ಟು ಮೇಲೆ, ತುಟಿ ಬಿಗಿ, ಕಣ್ಣಲ್ಲಿ ‘ನಾನೇನೂ ಮಾಡಿಲ್ಲ ಸ್ವಾಮಿ’ ಅನ್ನುವ ಭಾವ. ಕಾರಣ ದೊಡ್ಡದೇನಲ್ಲ. ಇವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಹೆಗಲಿಗೆ ಒಂದು ಚರ್ಮದ ಚೀಲ, ಅದರೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು, ಮುದ್ರೆ ಒತ್ತುವ ಅಚ್ಚು, ಒಂದು ಪುಟ್ಟ ಸುತ್ತಿಗೆ. ಅಂಗಡಿಗೆ ಹೋಗುವುದು, ತಕ್ಕಡಿ ನೋಡುವುದು, ಸರಿ ಇದ್ದರೆ ಮುದ್ರೆ, ಇಲ್ಲದಿದ್ದರೆ ದಂಡ. ಊರಿಗೆಲ್ಲ ಇವರು ತಕ್ಕಡಿ ಸಾಹೇಬರು, ನಾನು ತಕ್ಕಡಿ ಸಾಹೇಬರ ಹೆಂಡತಿ. ತರಕಾರಿಗೆ ಹೋಗಿ ಕಾಲು ಕಿಲೊ ಕೇಳಿದರೆ ಅರ್ಧ ಕಿಲೊ ಸುರಿಯುತ್ತಿದ್ದರು. ಹೆಚ್ಚಿಗೆ ಬಂದದ್ದನ್ನು ವಾಪಸ್ ಹಾಕಿದರೆ ಅವರಿಗೆ ಇನ್ನಷ್ಟು ಭಯ.

ಇಂಥ ಮನುಷ್ಯನಿಗೆ ಫೋಟೊ ಹುಚ್ಚು ಹತ್ತಿತು. ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೇ ಕ್ಯಾಮೆರಾವನ್ನು ಇವರ ತಲೆಗೆ ಕಟ್ಟಿ ಹೋದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಆಕಳಿಸುವ ಹಾಗಿರಲಿಲ್ಲ. ನಾನು ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡರೆ ಕ್ಲಿಕ್. ಮಗಳು ಲೆಕ್ಕ ತಪ್ಪಿ ಪೆನ್ಸಿಲ್ ಕಚ್ಚಿದರೆ ಕ್ಲಿಕ್. ಇವರ ಪದ್ಧತಿಯೇ ಹಾಗೆ, ಎದುರಿಗಿರುವವರಿಗೆ ಗೊತ್ತೇ ಆಗಬಾರದು. ಅಂಗಡಿಗಳಲ್ಲಿ ದಿನವಿಡೀ ಬಿಗಿದ ಮುಖ ನೋಡಿ ನೋಡಿ ಸಾಕಾಗಿದೆ, ನನಗೆ ಬಿಚ್ಚಿದ ಮುಖ ಬೇಕು ಅನ್ನುತ್ತಿದ್ದರು. ನನ್ನ ಬಿಚ್ಚಿದ ಮುಖ ಆಕಳಿಸುವಾಗಲೇ ಸಿಗಬೇಕಾ ಅಂತ ನಾನು ಜಗಳಕ್ಕೆ ಹೋಗುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಫೋಟೊಗಳು ಚೆನ್ನಾಗಿರುತ್ತಿದ್ದವು.

ನೆಂಟರಂತೂ ಇವರನ್ನು ಅಟ್ಟಕ್ಕೇರಿಸಿಬಿಟ್ಟರು. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಇವರು ಕ್ಯಾಮೆರಾ ಹಿಡಿದು ಹಾಜರು, ಆಮೇಲೆ ಎಲ್ಲರಿಗೂ ಪುಕ್ಕಟೆ ಪ್ರತಿ. ಇವರ ಸೋದರಮಾವ ತಮ್ಮ ಫೋಟೊವನ್ನು ಕೈಯಲ್ಲಿ ಹಿಡಿದು, ಇಷ್ಟು ದಿನ ನಾನು ಹೀಗಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ, ಆ ತಕ್ಕಡಿ ಹಿಡಿದುಕೊಂಡು ಕೊಳೆಯಬೇಡಪ್ಪ, ಒಂದು ಸ್ಟುಡಿಯೊ ಇಡು ಅಂದರು. ನಾದಿನಿ ಅಂದಳು, ಅವಳ ಗಂಡ ಅಂದ, ಎದುರುಮನೆಯವರು ಅಂದರು. ನಮ್ಮತ್ತೆ ಮಾತ್ರ ಮಗ ಯಾವ ಫೋಟೊ ತೋರಿಸಿದರೂ ಸರಿಯಾಗಿ ನೋಡದೆ, “ಚೆನ್ನಾಗಿದೆ ಮಗಾ,” ಅಂದು ವಾಪಸ್ ಕೊಡುತ್ತಿದ್ದರು. ಒಂದು ಸಲ ತಲೆಕೆಳಗಾಗಿ ಹಿಡಿದುಕೊಂಡೇ ಚೆನ್ನಾಗಿದೆ ಅಂದಿದ್ದರು. ತಮ್ಮ ಫೋಟೊ ತೆಗೆಯಲು ಹೋದರೆ ಮುಖ ಮುಚ್ಚಿಕೊಂಡು ಒಳಗೆ ನಡೆದುಬಿಡುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಇವರು, ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿದ್ದೇನೆ, ಮಂಜೂರಾಗಿದೆ ಅಂದರು. ಸ್ಟುಡಿಯೊಗೆ ಜಾಗವನ್ನೂ ನೋಡಿ ಆಗಿತ್ತಂತೆ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅತ್ತೆಯ ಮುಖ ಕಪ್ಪಿಟ್ಟಿತು. ಆ ಕೆಲಸ ಸುಮ್ಮನೆ ಬಂದದ್ದಲ್ಲ. ಮಾವ ಬೇಗ ತೀರಿಕೊಂಡ ಮೇಲೆ ಅತ್ತೆ ಬೇರೆಯವರ ಬಟ್ಟೆ ಹೊಲಿದು ಮಗನನ್ನು ಓದಿಸಿ, ಅವನು ಆ ಕುರ್ಚಿಯಲ್ಲಿ ಕೂರುವವರೆಗೂ ಸರಿಯಾಗಿ ನಿದ್ದೆ ಮಾಡಿದವರಲ್ಲ. ಪಾಪ, ಅವರ ಹೊಟ್ಟೆ ಉರಿಯದೆ ಇರುತ್ತದಾ. ತಟ್ಟೆ ಸರಿಸಿ, ಹೆದರಿಸುವ ಕೆಲಸ ಬಿಟ್ಟು ನಗಿಸುವ ಕೆಲಸಕ್ಕೆ ಹೋಗ್ತೀಯಾ ಅಂತ ಕೇಳಿದರು. ಇವರು ಸಮಾಧಾನವಾಗಿ, ಒಂದು ವರ್ಷ ನೋಡೋಣ ಅಮ್ಮ, ನೀನು ಹೂಂ ಅನ್ನದೆ ರಾಜೀನಾಮೆ ಕೊಡಲ್ಲ, ವರ್ಷ ಮುಗಿದರೂ ನಿನಗೆ ಮನಸ್ಸು ಬರದಿದ್ದರೆ ಅದೇ ಚೀಲ ಹೆಗಲಿಗೆ ಹಾಕ್ಕೊಂಡು ಹೋಗ್ತೀನಿ ಅಂದರು.

ನನಗೆ ಪಿತ್ತ ನೆತ್ತಿಗೇರಿತು. ಅಮ್ಮನ ಹೂಂ ಬೇಕು, ಹೆಂಡತಿಯ ಹೂಂ ಬೇಡವಾ ಅಂತ ಆಮೇಲೆ ಹಿತ್ತಲಲ್ಲಿ ಹಿಡಿದು ಕೇಳಿದೆ. ನಿನ್ನದು ಆಗಲೇ ಬಂದಾಯ್ತಲ್ಲ, ಸೌಟು ಹಿಡಿದು ನಿಂತಾಗಲೇ ಮುಖದಲ್ಲಿ ಕಾಣಿಸ್ತು ಅಂದರು. ಈ ಮನುಷ್ಯನ ಹತ್ತಿರ ಮುಖ ಇಟ್ಟುಕೊಂಡು ಬಾಳುವುದು ಎಷ್ಟು ಕಷ್ಟ ಅಂತ ನನಗೇ ಗೊತ್ತು.

ಸ್ಟುಡಿಯೊ ಅಂದರೆ ಕಟಿಂಗ್ ಶಾಪಿನ ಮೇಲಿನ ಒಂದು ಕೋಣೆ. ಮೊದಲು ಅಲ್ಲಿ ಛತ್ರಿ ರಿಪೇರಿಯವನಿದ್ದ. ಬಿಟ್ಟು ಹೋಗುವಾಗ ಮುರಿದ ಕಡ್ಡಿಗಳನ್ನೆಲ್ಲ ಮೂಲೆಯಲ್ಲಿ ರಾಶಿ ಹಾಕಿ ಹೋಗಿದ್ದ. ಅವನ್ನು ಹೊರಹಾಕಿ, ಗೋಡೆಗೆ ಬೂದಿ ಬಣ್ಣ ಹೊಡೆದು, ನಮ್ಮ ಮನೆಯ ದಪ್ಪ ಪರದೆಯನ್ನೇ ಹಿನ್ನೆಲೆಗೆ ಇಳಿಬಿಟ್ಟೆವು. ಎರಡು ಲೈಟು, ಬೆಳಕು ಹರಡಲು ಒಂದು ಬಿಳಿ ಛತ್ರಿ, ಒಂದು ಸ್ಟೂಲು. ಸ್ಟೂಲಿನ ಒಂದು ಕಾಲು ಗಿಡ್ಡವಾದ್ದರಿಂದ ಅದಕ್ಕೆ ರಟ್ಟು ಮಡಚಿ ಇಟ್ಟಿದ್ದೆವು. ತಕ್ಕಡಿ ಸಾಹೇಬರ ಅಂಗಡಿಯ ಸ್ಟೂಲೇ ಸರಿಯಾಗಿ ನಿಲ್ಲುವುದಿಲ್ಲ ಅಂತ ಕೆಳಗಿನ ಕಟಿಂಗ್ ಶಾಪಿನವನು ಮೊದಲ ದಿನವೇ ಊರಿಗೆಲ್ಲ ಹೇಳಿ ಬಂದ. ಕೋಣೆಯ ಮುಂಭಾಗದಲ್ಲಿ ಒಂದು ಮೇಜು ಹಾಕಿ, ಬಂದವರನ್ನು ಮಾತಾಡಿಸಲು ನಾನು ಕೂತೆ. ಬಾಗಿಲ ಬಳಿ ಕಾಯುವವರಿಗೆ ಅಂತ ಒಂದು ಬೆಂಚು. ಬಹಳ ದಿನ ಅದರ ಮೇಲೆ ಕಾದದ್ದು ನಾನೊಬ್ಬಳೇ.

ಸ್ಟುಡಿಯೊ ಇಡು ಅಂದಿದ್ದ ನೆಂಟರೆಲ್ಲ ಎಲ್ಲಿ ಹೋದರೋ, ಮಂಗಮಾಯ. ಮನೆಯವರೇ ಅಲ್ವಾ, ಯಾವಾಗಲಾದರೂ ಬಂದಾಗ ತೆಗೆದರಾಯ್ತು ಅನ್ನುವವರು ಕೆಲವರು. ಸೋದರಮಾವ ಒಬ್ಬರು ಮಾತ್ರ ಮರ್ಯಾದೆಗೆ ಕಟ್ಟುಬಿದ್ದು ಬಂದು, ದುಡ್ಡು ಕೊಟ್ಟು ತೆಗೆಸಿಕೊಂಡರು. ಫೋಟೊ ಕೈಗೆ ಬಂದದ್ದೇ ತಡ, ಕಿಟಕಿ ಹತ್ತಿರ ಹೋಗಿ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಮೂಗು ಯಾಕೆ ಇಷ್ಟು ದೊಡ್ಡದಾಗಿದೆ ಅಂದರು. ಹುಟ್ಟಿದಾಗಿನಿಂದ ಜೊತೆಗಿರುವ ಮೂಗು ಅದು. ಹಿಂದೆ ಪುಕ್ಕಟೆ ಕೊಟ್ಟ ಫೋಟೊದಲ್ಲಿ ಅದೇ ಮೂಗು, ಅಷ್ಟೇ ದೊಡ್ಡದಾಗಿ, ಅವರ ಪಡಸಾಲೆಯಲ್ಲಿ ತೂಗುತ್ತಿದೆ. ಅದನ್ನು ಬಾಯಿಬಿಟ್ಟು ಹೇಳಬೇಕು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು, ಇವರು ಕಣ್ಣು ಸನ್ನೆ ಮಾಡಿ ತಡೆದರು.

ಅದು ಹೋಗಲಿ ಅಂದರೆ, ಹೊರಗಿನವರದು ಇನ್ನೊಂದು ಫಜೀತಿ. ಅಂಗಡಿಯವರು ಒಬ್ಬೊಬ್ಬರಾಗಿ ಬರಲು ಶುರುಮಾಡಿದರು. ಪ್ರೀತಿಯಿಂದಲ್ಲ, ನಾಳೆ ಈ ಮನುಷ್ಯ ವಾಪಸ್ ಇಲಾಖೆಗೆ ಹೋದರೆ ಏನು ಗತಿ ಅನ್ನುವ ಮುಂದಾಲೋಚನೆಯಿಂದ. ಬಂದು ಸ್ಟೂಲಿನ ಮೇಲೆ ಕೂತು, ಇವರು ಕ್ಯಾಮೆರಾ ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದ ಕೂಡಲೇ, ಶುರು. ಹುಬ್ಬು ಮೇಲೆ, ತುಟಿ ಬಿಗಿ, ನಾನೇನೂ ಮಾಡಿಲ್ಲ ಸ್ವಾಮಿ. ದಿನಸಿಯವರು, ಬಟ್ಟೆಯವರು, ಹಣ್ಣಿನವರು, ಎಲ್ಲರದೂ ಒಂದೇ ಮುಖ. ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರೆ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಇವರು ನಗಿಸಲು ನೋಡಿದರು. ಇವರಿಗೆ ಬರುವುದೆಲ್ಲ ಇಲಾಖೆಯ ಜೋಕುಗಳು, ಅವುಗಳಲ್ಲಿ ಕೊನೆಗೆ ಯಾರಿಗಾದರೂ ದಂಡ ಬೀಳುತ್ತದೆ. ಅಂಗಡಿಯವರು ಇನ್ನಷ್ಟು ಬಿಗಿಯಾದರು.

ದಾರಿ ತೋರಿಸಿದವನು ಕಬ್ಬಿಣದಂಗಡಿಯ ದಪ್ಪಣ್ಣ. ಅವನು ಕೂತು ಎಷ್ಟು ಹೊತ್ತಾದರೂ ಕಬ್ಬಿಣವೇ. ಇವರಿಗೆ ಸಾಕಾಯಿತು. ಹಳೇ ಅಭ್ಯಾಸಬಲ, ಅಂಗಡಿಯಲ್ಲಿ ತಕ್ಕಡಿ ನೋಡಿ ಮುಗಿಸಿದ ಮೇಲೆ ಹೇಳುತ್ತಿದ್ದ ಹಾಗೇ, “ಸರಿ ಇದೆ,” ಅಂದು, ಗೋಡೆಗೆ ನೇತುಹಾಕಿದ್ದ ಹಳೇ ಚರ್ಮದ ಚೀಲದ ಕಡೆ, ಮುದ್ರೆಗೆ ಅನ್ನುವ ಹಾಗೆ, ಕೈ ಚಾಚಿದರು. ಅಷ್ಟೇ ನೋಡಿ. ದಪ್ಪಣ್ಣನ ಎದೆಯಿಂದ ಒಂದು ಉದ್ದನೆಯ ಉಸಿರು ಬಂತು, ಭುಜ ಇಳಿಯಿತು, ಕೆನ್ನೆ ಸಡಿಲವಾಯಿತು, ಹೆಂಡತಿ ಮಕ್ಕಳು ಮಾತ್ರ ನೋಡಿರಬಹುದಾದ ಒಂದು ಮುಖ ಹೊರಗೆ ಬಂತು. ಇವರ ಇನ್ನೊಂದು ಕೈಯಲ್ಲಿ ಕ್ಯಾಮೆರಾದ ರಿಮೋಟು ಇತ್ತು. ಒತ್ತಿಬಿಟ್ಟರು.

ಆ ಫೋಟೊ ದಪ್ಪಣ್ಣನ ಅಂಗಡಿಯಲ್ಲಿ ಮೊಳೆ ಡಬ್ಬಿಗಳ ಮೇಲೆ ತೂಗಿದ ದಿನದಿಂದ ನಮ್ಮ ಬೆಂಚಿನ ಮೇಲೆ ಜನ ಕಂಡರು. ಇವರು ಪ್ರತಿಯೊಬ್ಬರಿಗೂ ಅದೇ ಮದ್ದು ಹಾಕಿದರು. ಗಂಭೀರವಾಗಿ ನೋಡುವುದು, ಒಂದೆರಡು ಸುಳ್ಳು ಕ್ಲಿಕ್, “ಸರಿ ಇದೆ,” ಆಮೇಲೆ ಚೀಲದ ಕಡೆ ಕೈ, ಆಗ ನಿಜವಾದ ಕ್ಲಿಕ್. ಬಿಗಿದ ಮುಖಗಳೆಲ್ಲ ಬಿಚ್ಚಿಕೊಂಡವು. ನಾನು ಮನೆಗೆ ಬಂದು ಅತ್ತೆಯ ಮುಂದೆ ಒಂದೊಂದನ್ನೂ ಬಣ್ಣಿಸಿ ಹೇಳುತ್ತಿದ್ದೆ. ಅತ್ತೆ ಹೂಂ ಅಂತ ಕೇಳಿಸಿಕೊಳ್ಳುತ್ತಿದ್ದರು. ನಮಗೆ ಬೇಕಾದ ಹೂಂ ಅದಲ್ಲ. ಮಗ ಫೋಟೊ ತಂದು ತೋರಿಸಿದರೆ ಅದೇ ರಾಗ, ಚೆನ್ನಾಗಿದೆ ಮಗಾ.

ಹೀಗಿರುವಾಗ ಒಂದು ಮಧ್ಯಾಹ್ನ ಗಲ್ಲದಣ್ಣ ನಮ್ಮ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದರು. ಪೇಟೆಯ ಆ ತುದಿಯಲ್ಲಿ ಬಹಳ ಹಿಂದಿನಿಂದ ಸ್ಟುಡಿಯೊ ಇಟ್ಟುಕೊಂಡವರು. ಎಂಥವರೇ ಬರಲಿ, ಗಲ್ಲ ಮೇಲೆ, ಗಲ್ಲ ಮೇಲೆ ಅಂತ ಕತ್ತು ಎತ್ತಿಸಿ ಎತ್ತಿಸಿ ಆ ಹೆಸರು ಬಂದಿತ್ತು. ಇಡೀ ಊರಿನ ಮೂಗಿನ ಹೊಳ್ಳೆಗಳು ಅವರಿಗೆ ಪರಿಚಯ. ಒಂದು ಲಕೋಟೆ ಮೇಜಿನ ಮೇಲಿಟ್ಟು, ನಿಮ್ಮತ್ತೆಯವರು ಬಿಟ್ಟು ಹೋಗಿದ್ದರು, ಈ ಕಡೆ ಬರುವವನಿದ್ದೆ, ಕೊಟ್ಟು ಹೋಗೋಣ ಅಂತ ಬಂದೆ ಅಂದರು. ಅವರ ಮೀಸೆಯ ಕೆಳಗೆ ಒಂದು ನಗು ಇತ್ತು, ನನಗೆ ಕಾಣದೆ ಇರಲಿಲ್ಲ.

ಲಕೋಟೆಯೊಳಗೆ ಅತ್ತೆ. ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು, ಗಲ್ಲ ಮೇಲೆ ಮಾಡಿ, ಬಸ್ಸು ತಪ್ಪಿಸಿಕೊಂಡವರ ಹಾಗೆ ದೂರ ನೋಡುತ್ತ ಕೂತಿದ್ದಾರೆ. ಮಗ ಕ್ಯಾಮೆರಾ ಎತ್ತಿದರೆ ಒಳಗೆ ಓಡುವ ಹೆಂಗಸು, ನಮಗೆ ಯಾರಿಗೂ ಹೇಳದೆ, ಪೇಟೆಯ ಆ ತುದಿಗೆ ನಡೆದು ಹೋಗಿ, ದುಡ್ಡು ಕೊಟ್ಟು ಬೇರೆಯವರ ಹತ್ತಿರ ತೆಗೆಸಿಕೊಂಡು ಬಂದಿದ್ದಾರೆ. ಇವರು ಫೋಟೊವನ್ನು ಕೈಗೆ ತಗೊಂಡು ನೋಡಿದರು. ಬೆಳಕು ಒಂದೇ ಕಡೆಯಿಂದ ಬಿದ್ದಿದೆ ಅಂದರು. ಅವತ್ತು ಬಂದ ಗಿರಾಕಿಗೆ “ಸರಿ ಇದೆ” ಅನ್ನುವುದನ್ನೇ ಮರೆತರು.

ಇವರು ಸುಮ್ಮನಿರಬಹುದು, ನಾನು ಸುಮ್ಮನಿರುವ ಪೈಕಿ ಅಲ್ಲ. ಮನೆಗೆ ಹೋದವಳೇ ಲಕೋಟೆಯನ್ನು ಅತ್ತೆಯ ಮುಂದೆ ಹಾಕಿ, ಹೀಗೂ ಮಾಡ್ತಾರಾ ಅಂತ ಕೇಳಿದೆ. ಅತ್ತೆ ಕದ್ದು ಸಿಕ್ಕಿಬಿದ್ದವರ ಹಾಗೆ ನಾಚಿಕೊಳ್ಳಲಿಲ್ಲ. ತಮಗೆ ವಯಸ್ಸಾಯ್ತು, ನಾಳೆ ತಾವು ಹೋದ ಮೇಲೆ ಗೋಡೆಗೆ ಹಾಕಲು ಒಂದು ಫೋಟೊ ಬೇಕಲ್ಲ ಅಂದರು. ಅದನ್ನು ಮಗನೇ ತೆಗೆಯಬಹುದಿತ್ತಲ್ಲ ಅಂದದ್ದಕ್ಕೆ ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

“ಅಂಗಡಿಯವನು ತೆಗೆದದ್ದು ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಬಹುದು. ಮಗ ತೆಗೆದದ್ದನ್ನ ಹೇಗೆ ಅನ್ನೋದು? ಸ್ಕೂಲಲ್ಲಿ ಗೀಚಿದ ಚಿತ್ರ ತಂದು ತೋರಿಸ್ತಿದ್ದ, ಅದು ಹಸುವೋ ಕುರ್ಚಿಯೋ ಗೊತ್ತಾಗ್ತಿರಲಿಲ್ಲ, ಚೆನ್ನಾಗಿದೆ ಮಗಾ ಅಂತಿದ್ದೆ. ಇದೂ ಹಾಗೇ.”

ಹಾಗಾದರೆ ಇಷ್ಟು ದಿನ ಈ ಮನೆಯಲ್ಲಿ ನಡೆದದ್ದು ಇದು. ಊರೆಲ್ಲ ದುಡ್ಡು ಕೊಟ್ಟು, ಮೂಗು ಮುರಿದು, ಬೈದು, ಒಟ್ಟಿನಲ್ಲಿ ಇವರನ್ನು ಕಸುಬುದಾರ ಅಂತ ಒಪ್ಪಿಕೊಂಡಿತ್ತು. ಅಮ್ಮನ ಕಣ್ಣಿಗೆ ಮಾತ್ರ ಇವರು ಇನ್ನೂ ಹಸು ಗೀಚುತ್ತಿದ್ದರು. ಅಮ್ಮ ಹೂಂ ಅನ್ನದೆ ಇವರು ರಾಜೀನಾಮೆ ಕೊಡುವುದಿಲ್ಲ, ಮಗ ತೆಗೆದ ಫೋಟೊವನ್ನು ನಿಜವಾಗಿ ಒಂದು ಸಲ ನೋಡದೆ ಅಮ್ಮ ಹೂಂ ಅನ್ನುವುದಿಲ್ಲ. ಇಬ್ಬರ ಮೇಲೂ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಕೆಟ್ಟ ಕಾಲ ಬಂದರೆ ಒಂದರ ಹಿಂದೆ ಒಂದು. ಕೆಳಗಿನ ಕಟಿಂಗ್ ಶಾಪಿನವನ ಫೋಟೊ ಬಹಳ ಚೆನ್ನಾಗಿ ಬಂದಿತ್ತು. ಅದನ್ನು ಕನ್ನಡಿಯ ಮೇಲೆ ತೂಗುಹಾಕಿ, ಇಂಥ ಫೋಟೊ ಹೇಗೆ ಬಂತು ಅಂತ ಕೇಳಿದವರಿಗೆಲ್ಲ ಗುಟ್ಟು ಬಿಟ್ಟುಕೊಟ್ಟ. ಸಾಹೇಬರು “ಸರಿ ಇದೆ” ಅನ್ನೋ ತನಕ ಏನೂ ಇಲ್ಲ ಕಣ್ರಿ, ಅಂದ ಮೇಲೇ ನಿಜವಾದ ಫೋಟೊ, ಆಗ ಹುಷಾರಾಗಿರಿ ಅಂತ. ಗಲ್ಲದ ಮೇಲೆ ಕತ್ತಿ ಇಟ್ಟು ಹೇಳಿದ ಮಾತನ್ನು ಯಾರು ಮರೆಯುತ್ತಾರೆ? ವಾರದೊಳಗೆ ಪೇಟೆಬೀದಿಗೆಲ್ಲ ಗೊತ್ತಾಗಿಹೋಯಿತು.

ಆಮೇಲೆ ನಮ್ಮ ಗೋಳು ಕೇಳಿ. ಜನ ಬಂದು ಸ್ಟೂಲಿನ ಮೇಲೆ ಆರಾಮಾಗಿ ಕೂರುವರು, ಮೂಗು ಕೆರೆಯುವರು, ನನ್ನ ಜೊತೆ ಹರಟುವರು. ಇವರು “ಸರಿ ಇದೆ” ಅಂದದ್ದೇ ತಡ, ಸೆಟೆದು ಕೂತು ಉಸಿರು ಬಿಗಿಹಿಡಿಯುವರು. ಅದಕ್ಕಿಂತ ಕಷ್ಟ ಅಂದರೆ, ಏಳುವುದೇ ಇಲ್ಲ. ಮುಗೀತು ಅಂದರೆ ನಂಬುವುದಿಲ್ಲ. ಬಟ್ಟೆ ಅಂಗಡಿಯ ಯಜಮಾನರಿಗೆ ನಾನು ಕೈ ಮುಗಿದು, ನಿಜವಾಗಲೂ ಮುಗೀತು, ಏಳಿ ಅಂದೆ. ಅವರು ತುಟಿ ಅಲುಗಿಸದೆ, ನನಗೆ ಗೊತ್ತು ಬಿಡಮ್ಮ ಅಂದರು. ಲೈಟು ಆರಿಸಿದೆ. ಕತ್ತಲಲ್ಲೂ ಹಲ್ಲು ಬಿಟ್ಟುಕೊಂಡೇ ಕೂತಿದ್ದರು. ಬೆಂಚಿನ ಮೇಲೆ ಕಾದವರು ಬೇಸತ್ತು, ಗಲ್ಲದಣ್ಣನಾದರೆ ಗಲ್ಲ ಎತ್ತಿಸಿ ಬೇಗ ಬಿಟ್ಟುಬಿಡುತ್ತಾರೆ ಅಂತ ಎದ್ದು ಹೋದರು.

ಅಷ್ಟರಲ್ಲಿ ವರ್ಷ ಮುಗಿಯುತ್ತ ಬಂತು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ರಾಜೀನಾಮೆ ತಲುಪಿಸಬೇಕು. ಇವರು ಯಾರಿಗೂ ಏನೂ ಹೇಳದೆ ಚರ್ಮದ ಚೀಲಕ್ಕೆ ಪಾಲಿಶ್ ಹಾಕಿದರು, ಹಿತ್ತಾಳೆಯ ಬಟ್ಟುಗಳನ್ನು ತಿಕ್ಕಿ ಫಳಫಳ ಮಾಡಿದರು. ನಾನು ನೋಡಿಯೂ ನೋಡದ ಹಾಗಿದ್ದೆ. ನಿಜ ಹೇಳಬೇಕೆಂದರೆ ನನಗೆ ಅಳು ಬರುತ್ತಿತ್ತು. ಸಂಬಳ ಬಂದರೆ ಮನೆಗೆ ಒಳ್ಳೆಯದೇ, ಯಾರು ಇಲ್ಲ ಅಂದರು? ಆದರೆ ಆ ಕೋಣೆಯಲ್ಲಿ ಇವರು ಒಬ್ಬೊಬ್ಬರ ಮುಖವನ್ನು ನೋಡುತ್ತ ನಿಲ್ಲುವಾಗ ನಾನು ಇವರನ್ನು ನೋಡಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ್ದರೂ ಹಾಗೆ ಬಿಚ್ಚಿಕೊಂಡ ಇವರ ಮುಖ ಬೇರೆಲ್ಲೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಬೆಂಚಿನ ಮೇಲೆ ಇಬ್ಬರಿದ್ದರು. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನೋಡಿದರೆ ಅತ್ತೆ. ಅದೇ ಒಳ್ಳೆಯ ಬಟ್ಟೆ, ಕೈಯಲ್ಲಿ ಒಂದು ಚೀಲ, ಮುಖ ಕೆಂಡ. ನಾನು ದಡಬಡಿಸಿ ಎದ್ದು ಒಳಗೆ ಕರೆಯಲು ಹೋದರೆ, ಜನ ಕಾಯ್ತಿದಾರೆ, ನಾನು ಆಮೇಲೆ ಅಂತ ಬೆಂಚಿನ ತುದಿಯಲ್ಲಿ ಕೂತರು. ವಿಷಯ ಆಮೇಲೆ ಗೊತ್ತಾಯಿತು. ಆ ಫೋಟೊ ಅವರಿಗೆ ಮೊದಲ ದಿನದಿಂದಲೂ ಹಿಡಿಸಿರಲಿಲ್ಲ. ಬೀರುವಿನಲ್ಲಿ ಮುಖ ಗೋಡೆಗೆ ಮಾಡಿ ಇಟ್ಟಿದ್ದರಂತೆ. ಕೊನೆಗೆ ತಡೆಯಲಾರದೆ ಅವತ್ತು ಬೆಳಿಗ್ಗೆ ಗಲ್ಲದಣ್ಣನ ಹತ್ತಿರ ಹೋಗಿ, ಇದು ಚೆನ್ನಾಗಿಲ್ಲ, ಇನ್ನೊಂದು ತೆಗಿ ಅಂದಿದ್ದಾರೆ. ಗಲ್ಲದಣ್ಣ, ಇರೋ ಮುಖಾನೇ ಅಲ್ವಾ ಅಮ್ಮ ಬರೋದು, ನಾನೇನು ಮಾಡ್ಲಿ ಅಂದುಬಿಟ್ಟಿದ್ದಾರೆ. ಅಂಗಡಿಯವನಿಗೆ ಚೆನ್ನಾಗಿಲ್ಲ ಅನ್ನಬಹುದು ಅಂತ ನಂಬಿಕೊಂಡು ಹೋಗಿದ್ದ ಹೆಂಗಸಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕಾ?

ಸರದಿ ಬಂದಾಗ ಅತ್ತೆ ಮೇಜಿನ ಮುಂದೆ ಬಂದು ನಿಂತು, ಒಂದು ಫೋಟೊಗೆ ಎಷ್ಟು ತಗೊಳ್ತೀರಿ ಅಂತ ಕೇಳಿದರು. ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನಾನು ದರ ಹೇಳಿದೆ. ಜಾಸ್ತಿಯಾಯ್ತು ಅಂದರು. ನಿಮಗೆ ದುಡ್ಡು ಯಾಕೆ ಅತ್ತೆ ಅಂದರೆ ಕಣ್ಣು ಕೆಂಪು ಮಾಡಿ, ಮಗನ ಅಂಗಡಿ ಅಂತ ಕಡಿಮೆ ಮಾಡಬೇಡ, ಗಿರಾಕಿ ಕೇಳಿದಳು ಅಂತ ಮಾಡು ಅಂದರು. ಚೌಕಾಸಿ ಮಾಡಿ ಒಂದಿಷ್ಟು ಇಳಿಸಿ, ಎಣಿಸಿ ಕೊಟ್ಟು, ಒಳಗೆ ನಡೆದರು.

ಇವರು ಲೈಟು ಸರಿಸಲು ಹೋಗಿ ಬಿಳಿ ಛತ್ರಿ ಬೀಳಿಸಿದರು. ಅತ್ತೆ ಸ್ಟೂಲಿನ ಮೇಲೆ ಕೂತು, ಗಲ್ಲದಣ್ಣನ ಹತ್ತಿರ ಆದ ಅಭ್ಯಾಸ ನೋಡಿ, ತಾವೇ ಗಲ್ಲ ಮೇಲೆ ಮಾಡಿದರು. ಇವರು ಎರಡು ಸಲ ಕ್ಲಿಕ್ ಮಾಡಿ “ಸರಿ ಇದೆ” ಅನ್ನಲು ಬಾಯಿ ತೆರೆದರು. ಅತ್ತೆ ಗಲ್ಲ ಇಳಿಸದೆಯೇ, ಅದೆಲ್ಲ ನನ್ನ ಹತ್ತಿರ ನಡೆಯಲ್ಲ, ನಿನ್ನ ಹೆಂಡತಿ ಎಲ್ಲ ಹೇಳಿದಾಳೆ ಅಂದರು. ನಾನು ಬಾಗಿಲ ಬಳಿ ನಿಂತು ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ಇವರಿಗೆ ಬೇರೆ ದಾರಿ ಕಾಣಲಿಲ್ಲ. ರಿಮೋಟು ಹಿಡಿದ ಕೈ ಕೆಳಗೆ ಬಿಟ್ಟು, ಬೇರೆ ಗಿರಾಕಿಗಳನ್ನು ಕೇಳುವ ಹಾಗೇ, ಆ ಫೋಟೊದಲ್ಲಿ ಏನು ಸರಿಯಿಲ್ಲ ಅಮ್ಮ, ತೋರಿಸು ಅಂದರು. ಅತ್ತೆ ಅದಕ್ಕೇ ಕಾಯುತ್ತಿದ್ದ ಹಾಗೆ ಚೀಲದಿಂದ ಫೋಟೊ ತೆಗೆದು, ಕನ್ನಡಕ ಏರಿಸಿ, ಒಂದೊಂದಾಗಿ ಶುರುಮಾಡಿದರು. ಕತ್ತು ನೋಡು ಕೊಕ್ಕರೆಯ ಹಾಗೆ. ಕಣ್ಣು ನೋಡು, ಯಾರದೋ ಮನೆ ಬಾಗಿಲಲ್ಲಿ ಏನೋ ಕೇಳಲು ನಿಂತವಳ ಹಾಗೆ. ಬೈಯುತ್ತ ಬೈಯುತ್ತ ಅವರ ದನಿ ಇಳಿಯಿತು. ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ತೆಗೆದು, ಮಗನ ಕಡೆ ತಲೆ ಎತ್ತಿದರು.

“ನಾನು ನಿಜವಾಗ್ಲೂ ಹೀಗಿದೀನೇನೋ?”

ಕ್ಲಿಕ್ ಅಂತ ಒಂದು ಶಬ್ದ ಬಂತು. ಆಮೇಲೆ ನೋಡಿದರೆ ಇವರ ಕಣ್ಣು ತುಂಬಿತ್ತು.

ಹೊರಗೆ ಮೇಜಿನ ಬಳಿ ಪ್ರಿಂಟರು ಕುಂಯ್‌ಗುಡುತ್ತ ಫೋಟೊವನ್ನು ಹೊರಗೆ ದಬ್ಬಿತು. ನಾನು ಎತ್ತಿ ಅತ್ತೆಯ ಕೈಗೆ ಕೊಟ್ಟೆ. ಚೆನ್ನಾಗಿದೆ ಮಗಾ ಅನ್ನುತ್ತಾರೆ, ನಮ್ಮ ಕಥೆ ಇಲ್ಲಿಗೆ ಮುಗಿಯುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡರು. ನೋಡಿದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. ಬೆಂಚಿನ ಮೇಲೆ ಕೂತು ನೋಡಿದರು.

“ಇದು ಚೆನ್ನಾಗಿಲ್ಲ ಕಣೋ,” ಅಂದರು. “ಇದು ನಾನಲ್ಲ. ಇದು ನಮ್ಮಮ್ಮ.”

ಇವರ ಅಜ್ಜಿ, ಅತ್ತೆಯ ಅಮ್ಮ, ಇವರು ಹುಟ್ಟುವ ಮೊದಲೇ ಹೋದವರು. ಅವರದು ಒಂದೇ ಒಂದು ಫೋಟೊ ಇಲ್ಲ. ಆ ಕಾಲದಲ್ಲಿ ಯಾರು ತೆಗೆಸುತ್ತಿದ್ದರು? ಅಮ್ಮನ ಮುಖ ಮರೆತೇ ಹೋಗಿತ್ತು ಅಂತ ಅತ್ತೆ ಹೇಳಿದರು. ಕನಸಿಗೆ ಬಂದರೂ ಬೆನ್ನು ತಿರುಗಿಸಿಕೊಂಡೇ ಬರುತ್ತಿದ್ದಳು, ನನ್ನ ಹತ್ತಿರ ಏನಾದರೂ ಕೇಳುವಾಗ ಅವಳ ಹಣೆ ಹೀಗೇ ನೆರಿಗೆಯಾಗ್ತಿತ್ತು, ನೀನು ನೋಡೇ ಇಲ್ಲ ಅವಳನ್ನ, ನಿನಗೆ ಎಲ್ಲಿ ಸಿಕ್ಕಿದಳೋ ಅಂತ ಕೇಳುತ್ತ ಕೇಳುತ್ತ ಅತ್ತೆ ಅತ್ತರು. ನಾನೂ ಅತ್ತುಬಿಟ್ಟೆ. ಬೆಂಚಿನ ಮೇಲೆ ಆಗಷ್ಟೇ ಬಂದು ಕೂತಿದ್ದ ಹಣ್ಣಿನಂಗಡಿಯವನು ಏನೂ ಅರ್ಥವಾಗದೆ, ಫೋಟೊ ಅಷ್ಟು ಕೆಟ್ಟದಾಗಿ ಬಂತಾ ಅಂತ ನನ್ನನ್ನು ಮೆಲ್ಲಗೆ ಕೇಳಿದ.

ಆ ಮಾತು ಅತ್ತೆಯ ಕಿವಿಗೆ ಬಿತ್ತು. ಕಣ್ಣೊರೆಸಿಕೊಂಡರು, ಮೂಗೊರೆಸಿಕೊಂಡರು, ಎದ್ದು ನಿಂತರು. ಅಮ್ಮನದನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಬೇಕು ಅಂದರು. ಆಮೇಲೆ ಸೀದಾ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು.

“ಅಮ್ಮಂದು ಆಯ್ತು. ಈಗ ನಂದು ತೆಗಿ. ದುಡ್ಡು ಕೊಟ್ಟಿದೀನಿ, ಸರಿಯಾಗಿ ಬರೋ ತನಕ ನೀನು ಯಾವ ಆಫೀಸಿಗೂ ಹೋಗೋ ಹಾಗಿಲ್ಲ.”

ಇವರು ನನ್ನ ಕಡೆ ನೋಡಿದರು. ಹೂಂ ಅನ್ನುವ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ನಾನೇ ಆ ಸೋಮವಾರ ರಾಜೀನಾಮೆಯನ್ನು ಇಲಾಖೆಗೆ ಕೊಟ್ಟು ಬಂದೆ, ಇವರ ಕೈಗೆ ಕೊಟ್ಟರೆ ದಾರಿಯಲ್ಲಿ ಮನಸ್ಸು ಬದಲಾದೀತು ಅಂತ.

ಅತ್ತೆಯ ಫೋಟೊ ಅವತ್ತು ಸರಿಯಾಗಿ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಮನಸ್ಸು ಬಂದಾಗಲೆಲ್ಲ ಮೆಟ್ಟಿಲು ಹತ್ತಿ ಬರುತ್ತಾರೆ, ಸರದಿಯಲ್ಲಿ ಕೂರುತ್ತಾರೆ, ತೆಗೆಸಿಕೊಳ್ಳುತ್ತಾರೆ, ಬೈಯುತ್ತಾರೆ. ಒಂದರಲ್ಲಿ ಕಿವಿ ಸರಿಯಿಲ್ಲ, ಇನ್ನೊಂದರಲ್ಲಿ ನೆರಳು ಜಾಸ್ತಿ. ಬೈದದ್ದು ಬಹಳ ಸಲ ನಿಜವೇ ಇರುತ್ತದೆ, ಇವರು ತಲೆಯಾಡಿಸಿ ಲೈಟು ಸರಿಮಾಡುತ್ತಾರೆ. ಅತ್ತೆಯ ಬಾಯಿಗೆ ಹೆದರಿಯೇ ಇವರ ಕೈ ಪಳಗಿತು ಅಂತ ಪೇಟೆಬೀದಿಯಲ್ಲಿ ಮಾತಿದೆ. ಗಲ್ಲದಣ್ಣ ಕೂಡ ಒಮ್ಮೆ ಬಂದು ಸುಮ್ಮನೆ ಒಂದು ಮೂಲೆಯಲ್ಲಿ ನಿಂತು ನೋಡಿ ಹೋದರು.

ನಮ್ಮ ಪಡಸಾಲೆಯಲ್ಲಿ ಒಂದೇ ಫೋಟೊ ಇದೆ, ಚೌಕಟ್ಟಿನೊಳಗೆ, ಬಾಗಿಲಿಗೆ ಎದುರಾಗಿ. ಮನೆಗೆ ಹೊಸಬರು ಬಂದರೆ ಮೊದಲು ಅದನ್ನು ನೋಡಿ, ಆಮೇಲೆ ಅತ್ತೆಯನ್ನು ನೋಡಿ, ನೀವು ಬಹಳ ಚೆನ್ನಾಗಿ ಬಂದಿದೀರಿ ಅನ್ನುತ್ತಾರೆ. ಅತ್ತೆ ಅವರನ್ನು ಅಲ್ಲೇ ತಿದ್ದುತ್ತಾರೆ.

“ನಾನಲ್ಲ, ಅದು ನಮ್ಮಮ್ಮ. ನನ್ನ ಮಗ ತೆಗೆದದ್ದು.”